ಗುಂಯ್ ಅನ್ನದ ಗಿಟಾರು ಬೇಕಾಗಿದೆ

ಧಾರವಾಡದಲ್ಲಿ ಕಲ್ಲು ಒಗೆದರೆ ಸಾಹಿತಿಯ ಮನೆಯ ಮೇಲೆ ಬೀಳುತ್ತದೆ ಅನ್ನುವುದು ಹಳೇ ಮಾತು. ಈಗ ಒಗೆದು ನೋಡಿ, ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲೆಂದು ತಿಂಗಳುಗಟ್ಟಲೆ ಯೂಟ್ಯೂಬ್ ನೋಡುತ್ತ ಕೂತ ಹುಡುಗನ ತಲೆಗೇ ತಾಗೀತು. ನಮ್ಮ ಅಣ್ಣನ ಮಗನೂ ಅದೇ ಪೈಕಿ.

"ಕಾಕಾ, ಹಂಬಕರ್ ತಗೊಳ್ಳೋದೋ, ಸಿಂಗಲ್ ಕಾಯಿಲ್ ತಗೊಳ್ಳೋದೋ?"

"ನೀ ಏನ್ ಬಾರಸ್ತೀ, ಅದನ್ನ ಹೇಳು ಮೊದಲ."

"ಎಲ್ಲಾನೂ ಬಾರಸ್ತೀನಿ."

"ಹಂಗಂದ್ರ ಇನ್ನೂ ಒಂದೂ ಬರಂಗಿಲ್ಲ ಅನ್ನು."

ಮೋತಿ ಸಣ್ಣದು ಮಾಡಿಕೊಂಡ. ಆದರೆ ಗಿಟಾರಿನ ಅಂಗಡಿಗೆ ಹೋಗುವ ಮೊದಲು ಉತ್ತರ ಕೊಡಬೇಕಾದ ಪ್ರಶ್ನೆ ಅದೊಂದೇ. ಹಂಬಕರ್, ಸಿಂಗಲ್ ಕಾಯಿಲ್ ಎರಡೂ ಪಿಕಪ್ಪಿನ ಜಾತಿಗಳು. ಪಿಕಪ್ ಅಂದರೆ ಏನು ಮಹಾ? ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಓಣಿಗೆಲ್ಲ ಸಾರುವುದು ಆಂಪ್ಲಿಫಯರಿನ ಕೆಲಸ. ನೈಲಾನ್ ತಂತಿ ಹಾಕಿ ಎಷ್ಟು ಮೀಟಿದರೂ ಪಿಕಪ್ಪಿಗೆ ಕಿವುಡು.

ಒಂದೇ ಸುರುಳಿಯದು ಸಿಂಗಲ್ ಕಾಯಿಲ್. ನಾದ ತಿಳಿ, ಚುರುಕು. ಆದರೆ ಕಟ್ಟೆಯ ಮೇಲೆ ಕೂತು ಓಣಿಯ ಸುದ್ದಿಯನ್ನೆಲ್ಲ ಕೇಳಿಸಿಕೊಳ್ಳುವ ಅಜ್ಜಿಯ ಹಾಗೆ, ತನಗೆ ಸಂಬಂಧವಿಲ್ಲದ್ದನ್ನೂ ಕೇಳಿಸಿಕೊಳ್ಳುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದಲ್ಲ, ಆ ಹೊಯ್ದಾಟವೇ ಗುಂಯ್ ಎಂದು ಹಾಡಿನೊಳಗೆ ಬಂದು ಕೂರುತ್ತದೆ. ಇದರ ಕಾಟ ತಪ್ಪಿಸಲು ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಜೋಡಿಸಿದ, ಸುತ್ತೂ ಉಲ್ಟಾ, ಅಯಸ್ಕಾಂತದ ಧ್ರುವವೂ ಉಲ್ಟಾ. ಹೊರಗಿನ ಗದ್ದಲ ಎರಡರಲ್ಲಿ ಒಂದನ್ನೊಂದು ಕಳೆಯುತ್ತದೆ, ತಂತಿಯ ನಾದ ಮಾತ್ರ ಕೂಡುತ್ತದೆ. ಇದೇ ಹಂಬಕರ್, ನಾದ ದಪ್ಪ, ದುಂಡು.

ಪೇಟೆಂಟಿಗೆ ಲವರ್ ಅರ್ಜಿ ಹಾಕಿದ್ದು 1955ರಲ್ಲಿ, ಸಿಕ್ಕಿದ್ದು 1959ರಲ್ಲಿ. ನಡುವೆ ಮಾಡಿದ ಪಿಕಪ್ಪುಗಳ ಬೆನ್ನಿಗೆ 'ಪೇಟೆಂಟಿಗೆ ಅರ್ಜಿ ಹಾಕಲಾಗಿದೆ' ಎಂಬ ಚೀಟಿ ಹಚ್ಚಿದರು. ಪೇಟೆಂಟ್ ಬಂದ ಮೇಲೂ ಕೆಲ ವರ್ಷ ಅದನ್ನೇ ಹಚ್ಚುತ್ತಿದ್ದರು. ಆಮೇಲೆ ನಂಬರ್ ಹಾಕಿದರಲ್ಲ, ಅದೂ ಪಿಕಪ್ಪಿನದಲ್ಲ, ತಂತಿ ಕಟ್ಟುವ ಟೇಲ್‌ಪೀಸಿನದು! ಇವತ್ತು ಆ ಅರ್ಜಿ ಚೀಟಿಯ ಪಿಕಪ್ಪಿಗೆ ಮಂದಿ ಲಕ್ಷಗಟ್ಟಲೆ ಸುರಿಯುತ್ತಾರೆ. ನಮ್ಮ ಕಚೇರಿಗಳಲ್ಲಿ ಅರ್ಜಿ ಹಾಕಿ ಕೂತವರಿಗೆ ಈ ಸುದ್ದಿ ಗೊತ್ತಾಗದಿರಲಿ.

ನಾದದ ದಪ್ಪ-ತಿಳಿಯ ಜಗಳ ಧಾರವಾಡಕ್ಕೇನು ಹೊಸದೇ? ಮಿರಜದಿಂದ ತಂಬೂರಿ ತರಿಸುವವರು ಖುಲಾ ಜವಾರಿಯೋ ಬಂದ್ ಜವಾರಿಯೋ ಎಂದು ಚಹಾ ಆರುವವರೆಗೂ ವಾದ ಮಾಡುತ್ತಾರೆ. ಝೇಂಕರಿಸುವ ಖುಲಾ ಬೇಕಾದವರಿಗೆ ಸಿಂಗಲ್ ಕಾಯಿಲ್, ಬಂದ್ ಬೇಕಾದವರಿಗೆ ಹಂಬಕರ್ ಅಂದರೆ ಇಲ್ಲಿ ಹೆಚ್ಚಿನ ಪಾಠವೇ ಬೇಡ. ಸಿತಾರದ ತಂತಿಗಳ ಜೋಡಣೆಯನ್ನೇ ಬದಲಿಸಿದ ರಹಿಮತ್ ಖಾನರು ಈ ಊರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ತೆರೆದದ್ದು 1931ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಜಾರ್ಜ್ ಬೀಚಮ್ ಎಂಬಾತ ಹವಾಯಿ ಗಿಟಾರಿಗೆ ಅಯಸ್ಕಾಂತ ಕೂಡಿಸುತ್ತಿದ್ದ. ಹಿಡಿಕೆಯ ತವಾದಂತೆ ಕಾಣುವ ಆ ಗಿಟಾರಿಗೆ 'ಫ್ರೈಯಿಂಗ್ ಪ್ಯಾನ್' ಎಂದೇ ಹೆಸರು ಬಿತ್ತು.

ಹುಡುಗ ಕಡೆಗೂ ಬಾಯಿಬಿಟ್ಟ. ಗಣಪತಿ ಹಬ್ಬದಲ್ಲಿ ಹುಬ್ಬಳ್ಳಿಯ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ. ಮನೆಯಲ್ಲಿ ಯಮನ್ ಹಚ್ಚಿ ಮೀಂಡ್ ಎಳೆಯುವ ಹುಚ್ಚು. ಪೆಂಡಾಲಿನ ಕಥೆ ಗೊತ್ತಲ್ಲ? ಹಿಂದೆ ಜನರೇಟರ್, ನೆತ್ತಿಗೆ ಡಿಮ್ಮರ್ ಲೈಟು, ಕಾಲಿಗೆ ತೊಡಕುವ ವಾಯರುಗಳು. ರಾಜಕುಮಾರ್ ಹಾಡಿನಿಂದ ಶುರುವಾದದ್ದು ಹುಡುಗರ ಕುಣಿತಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಗಿಟಾರಿನ ಮೂರೂ ಪಿಕಪ್ಪು ಸಿಂಗಲ್ ಕಾಯಿಲ್ ಇದ್ದರೆ ಭಕ್ತರಿಗಿಂತ ಮೊದಲು ಗಣಪತಿಯೇ ಕಿವಿ ಮುಚ್ಚಿಕೊಂಡಾನು. ಇವನಿಗೆ ಬ್ರಿಡ್ಜಿನ ಬಳಿ ಹಂಬಕರ್, ನಡುವೆ ಮತ್ತು ಕುತ್ತಿಗೆಯ ಬಳಿ ಸಿಂಗಲ್ ಇರುವ ಗಿಟಾರೇ ಸರಿ. ಕುಣಿತಕ್ಕೆ ಹಂಬಕರ್, ಯಮನ್‌ಗೆ ಕುತ್ತಿಗೆಯದು. ತಂತಿ ಅಲ್ಲಿ ಅಗಲವಾಗಿ ತೂಗುವುದರಿಂದ ಸ್ವರ ಮೆತ್ತಗೆ ಬರುತ್ತದೆ. ಬರೇ ಹೆವಿ ಮೆಟಲ್ಲೇ ಬಾರಿಸುವವರಿಗೆ ಎರಡು ಹಂಬಕರ್ ಸಾಕು, ಅವರ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆಯೇನಿದ್ದರೂ ಪಕ್ಕದ ಮನೆಯವರದು.

"ಆವಾಜ್ ಜೋರ್ ಬರ್ಲಿ ಅಂತ ಪಿಕಪ್ ಮ್ಯಾಲೆ ಏರಿಸಬಹುದಲ್ಲ, ಕಾಕಾ?"

"ಏರಿಸು. ಮೀಂಡ್ ಎಳದಾಗ ಅಳೂದು ನೀನs."

ಅಯಸ್ಕಾಂತ ತೀರಾ ಹತ್ತಿರ ಬಂದರೆ ತಂತಿಯನ್ನೇ ಎಳೆಯುತ್ತದೆ. ಸ್ವರ ಬೇಗ ಸಾಯುತ್ತದೆ, ದಪ್ಪ ತಂತಿಗಳಲ್ಲಿ ಶ್ರುತಿಯೂ ತೊದಲುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ನಡುವೆ ಸುಮಾರು 2 ಮಿ.ಮೀ. ಇರಲಿ, ದಪ್ಪ ತಂತಿಯ ಬದಿಗೆ ಇನ್ನೂ ಚೂರು ಹೆಚ್ಚು. ಎರಡು ಸ್ಕ್ರೂ ತಿರುವುವ ಕೆಲಸ. ಇದನ್ನು ಮಾಡದೆ ಹೊಸ ಪಿಕಪ್ ಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಅಂಗಡಿ. ತರುವ ರೊಕ್ಕವನ್ನೆಲ್ಲ ಗಿಟಾರಿಗೇ ಸುರಿದು ಡಬ್ಬಿಯಂಥ ಆಂಪ್ ತಂದರೆ ಯಾವ ಪಿಕಪ್ಪೂ ಉದ್ಧಾರ ಮಾಡದು. ಒಳಗೆ ಹೋದವನು ಮೊದಲು "ಅಣ್ಣಾರ, ಟ್ಯೂಬ್‌ಲೈಟ್ ಹಚ್ರೀ" ಅನ್ನಬೇಕು. ವಾಲ್ಯೂಮ್ ಪೂರಾ ಏರಿಸಿ, ತಂತಿಯಿಂದ ಕೈ ತೆಗೆದು ಸುಮ್ಮನೆ ಕೇಳು. ಮತ್ತೆ ತಂತಿ ಮುಟ್ಟು. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಒಳಗಿನ ಅರ್ಥಿಂಗ್ ಜೋಡಣೆ ನೆಟ್ಟಗಿದೆ. ಹೆಚ್ಚಾದರೆ ಅಲ್ಲೇ ಇಟ್ಟು ಬಾ. ಬಿಲ್ಲು ಬರೆಯುವಾಗ ಬೆಲ್ಟು, ಕವರು, ಕೇಬಲ್ಲು ಎಂದು ಸೇರಿಸುತ್ತಾರೆ, ಸೇರಿಸಲಿ. ಪಿಕ್ಕು ಮಾತ್ರ ಅರ್ಧ ಡಜನ್ ಪುಕಟೆ ಕೇಳು. ಕೊಡುತ್ತಾರೆ.