ಕೆಲಸ ಕಳೆದುಕೊಂಡ ಒಪ್ಪೋಲೆಯ ಹೇಳಿಕೆ

ಅಚ್ಚಾದ ಪುಸ್ತಕದಲ್ಲಿ ಉಳಿದುಹೋದ ತಪ್ಪುಗಳನ್ನು ಪುಟ, ಸಾಲು, ತಪ್ಪು, ಒಪ್ಪು ಎಂಬ ನಾಲ್ಕು ಅಂಕಣಗಳಲ್ಲಿ ಪಟ್ಟಿ ಮಾಡಿ ಓದುಗರ ಮುಂದಿಡುವ ಹಾಳೆಯನ್ನು ಒಪ್ಪೋಲೆ ಅಥವಾ ಶುದ್ಧಿಪತ್ರ ಎನ್ನುತ್ತಾರೆ. ಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ಒಂದು ಫಾರಂ, ಅಂದರೆ ಸಾಮಾನ್ಯವಾಗಿ 16 ಪುಟಗಳ ಒಂದು ಕಂತು, ಅಚ್ಚಾದೊಡನೆ ಮೊಳೆಗಳನ್ನು ಬಿಚ್ಚಿ ಮುಂದಿನ ಫಾರಮ್ಮಿಗೆ ಬಳಸಬೇಕಾಗಿದ್ದುದರಿಂದ, ಆಮೇಲೆ ಕಣ್ಣಿಗೆ ಬಿದ್ದ ತಪ್ಪಿಗೆ ಈ ಹಾಳೆಯೇ ಗತಿಯಾಗಿತ್ತು. ಗಣಕಯಂತ್ರದಲ್ಲಿ ಕಡೆಯ ಗಳಿಗೆಯವರೆಗೂ ತಿದ್ದುವ ಅನುಕೂಲ ಒದಗಿದ ಮೇಲೆ ತಪ್ಪುಗಳು ಉಳಿದುಕೊಂಡವು, ಒಪ್ಪೋಲೆ ಮಾತ್ರ ಮರೆಯಾಯಿತು. ಗದಗ ಜಿಲ್ಲೆಯ ರೋಣ–ಗಜೇಂದ್ರಗಡ ಸೀಮೆಯ ಇಟಗಿಯಲ್ಲಿ, ಯಾವ ಪ್ರಕಾಶನದ ನೌಕರಿಯಲ್ಲೂ ಇಲ್ಲದೆ ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ಅನ್ಯರ ಬರಹ ತಿದ್ದಿಕೊಡುವ ಒಬ್ಬ ಸ್ವತಂತ್ರ ಸಂಪಾದಕರ ಮೇಜಿನ ಮೇಲೆ ಇಂಥ ಒಂದು ಹಾಳೆ ಖಾಲಿಯಾಗಿ ಬಿದ್ದಿದ್ದು, ಸಂಪಾದಕರ ಒಂದು ತಿಂಗಳನ್ನು ಕುರಿತು ಅದು ನೀಡಿದ ಹೇಳಿಕೆಯನ್ನು ಮುಂದೆ ದಾಖಲಿಸಲಾಗಿದೆ. ತನ್ನನ್ನು ‘ಈ ಹಾಳೆ’ ಎಂದೇ ಕರೆದುಕೊಳ್ಳುವ ಅದರ ಗಾಂಭೀರ್ಯಕ್ಕೆ ಧಕ್ಕೆ ತಂದಿಲ್ಲ.

ಪ್ರಶ್ನೆ: ತಾವು ಇಲ್ಲಿ ತಂಗಿರುವ ಉದ್ದೇಶವೇನು?

ಉತ್ತರ: ಸಂಪಾದಕರು ಎಡವಿದರೆ ಮಾತ್ರ ಈ ಹಾಳೆಗೆ ಉದ್ಯೋಗ. ಆದ್ದರಿಂದ ಅವರು ಮಧ್ಯಾಹ್ನ ರೊಟ್ಟಿ ಉಂಡು ತೂಕಡಿಸುವ ಹೊತ್ತಿನ ಮೇಲೆ ಈ ಹಾಳೆಗೆ ವಿಶೇಷ ಆಸೆ ಇದೆ. ಊರಿನ ಅಭಿಪ್ರಾಯ ಬೇರೆ: ಎರೆಹೊಲದಲ್ಲಿ ಹೆಸರುಕಾಯಿ ಬಿಡಿಸಲು ಆಳು ಸಿಗದ ದಿನಗಳಲ್ಲಿ ಹಗಲಿಡೀ ಕುಳಿತು ಓದುವ ಮನುಷ್ಯನನ್ನು ಅದು ‘ಖಾಲಿ ಅದಾನ’ ಎಂಬ ವರ್ಗಕ್ಕೆ ಸೇರಿಸಿ, ಲಗ್ನಪತ್ರಿಕೆಯಿಂದ ಹಿಡಿದು ಶ್ರದ್ಧಾಂಜಲಿಯ ಬ್ಯಾನರಿನವರೆಗೆ ಎಲ್ಲವನ್ನೂ ಪುಕ್ಕಟೆ ತಿದ್ದಿಸಿಕೊಳ್ಳುತ್ತದೆ. ಹಣ ಕೊಡುವ ಲೇಖಕರೂ ‘ಒಂದ್ ಸ್ವಲ್ಪ ಕಣ್ಣಾಡ್ಸಿ ಕೊಡ್ರಿ ಸರ, ಭಾಳ ಏನಿಲ್ಲ’ ಎಂದೇ ಕಡತ ಕಳಿಸುವುದರಿಂದ, ಕಣ್ಣಾಡಿಸುವುದು ಶ್ರಮವೆಂದು ಈ ಸೀಮೆಯಲ್ಲಿ ಇನ್ನೂ ಸಾಬೀತಾಗಿಲ್ಲ.

ಪ್ರಶ್ನೆ: ಈ ತಿಂಗಳು ಮೇಜಿಗೆ ಬಂದ ಕೆಲಸ?

ಉತ್ತರ: ಪುಸ್ತಕವಾಗಲು ಹೊರಟ ಒಂದು ಪಿಎಚ್.ಡಿ. ಪ್ರಬಂಧ, ಒಂದು ಅಭಿನಂದನ ಗ್ರಂಥ, ಒಂದು ಪ್ರವಾಸಿ ಕೈಪಿಡಿ. ಪ್ರಬಂಧವು ಹಳೆಯ ‘ನುಡಿ’ ಅಕ್ಷರಗಳಲ್ಲಿ ಇದ್ದದ್ದನ್ನು ಯಾರೋ ಯೂನಿಕೋಡಿಗೆ ಬದಲಿಸಿದ್ದರು. ಹಳೆಯ ಅಕ್ಷರವಿನ್ಯಾಸವು ಕಣ್ಣಿಗೆ ಕಾಣುವ ಆಕಾರಗಳನ್ನು ಕಾಣುವ ಕ್ರಮದಲ್ಲಿಯೇ ಸಂಗ್ರಹಿಸಿದರೆ ಯೂನಿಕೋಡು ಉಚ್ಚಾರದ ಕ್ರಮದಲ್ಲಿ ಸಂಗ್ರಹಿಸುತ್ತದೆ. ಅರ್ಕಾವತ್ತು, ಅಂದರೆ ಮೊದಲು ಉಚ್ಚರಿಸಿದರೂ ಅಕ್ಷರದ ಬಲಕ್ಕೆ ಬರೆಯುವ ರಕಾರದ ಚಿಹ್ನೆ, ಈ ಎರಡು ಕ್ರಮಗಳ ನಡುವೆ ಸಿಕ್ಕಿಕೊಂಡು, ಪರಿವರ್ತನೆ ಕೆಟ್ಟಾಗ ‘ಧರ್ಮ’ವು ‘ಧಮರ್’ ಆಗುತ್ತದೆ, ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ. ನಾಡನ್ನು ಅದರ ಸ್ಥಾನದಲ್ಲಿ ಕೂರಿಸುವುದರಲ್ಲಿಯೇ ಮೊದಲ ವಾರ ಕಳೆಯಿತು.

ಕೈಪಿಡಿಯ ವಿಷಯ ಇನ್ನೂ ರೋಚಕ. ಅದರ ಲೇಖಕರು ‘ದೇವಾಲಯ ಚಕ್ರವರ್ತಿ’ ಎಂದು ಶಾಸನದಲ್ಲಿ ಹೊಗಳಿಸಿಕೊಂಡ ಮಹಾದೇವ ದೇವಾಲಯವನ್ನು ತಂದು ಈ ಊರಿನಲ್ಲಿ ನಿಲ್ಲಿಸಿದ್ದರು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿ ಇರುವುದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ; ಈ ಇಟಗಿ ಹೆಸರಾದದ್ದು ಭಕ್ತರು ಭೀಮವ್ವ ಎಂದು ಕರೆಯುವ ಭೀಮಾಂಬಿಕೆಯಿಂದ. 1956ಕ್ಕೆ ಮುಂಚೆ ಒಂದು ಇಟಗಿ ಮುಂಬಯಿ ರಾಜ್ಯದಲ್ಲಿಯೂ ಇನ್ನೊಂದು ಹೈದರಾಬಾದ್ ರಾಜ್ಯದಲ್ಲಿಯೂ ಇದ್ದವು, 1997ರಲ್ಲಿ ಗದಗ ಮತ್ತು ಕೊಪ್ಪಳ ಎರಡೂ ಹೊಸ ಜಿಲ್ಲೆಗಳಾದವು ಎಂದು ಸಂಪಾದಕರು ಅಂಚಿನಲ್ಲಿ ವಿವರವಾಗಿ ಬರೆದರು. ‘ಊರ ಹೆಸರು ಒಂದೇ ಅಲ್ಲೇನ್ರಿ?’ ಎಂಬುದು ಲೇಖಕರ ಪ್ರತ್ಯುತ್ತರ. ಆಗ ಈ ಹಾಳೆಗೆ ಉದ್ಯೋಗದ ಭರವಸೆ ಹುಟ್ಟಿದ್ದು ನಿಜ. ಆದರೆ ಸಂಪಾದಕರು ಹಟ ಹಿಡಿದು ಗುಡಿಯನ್ನು ಮೂಲ ಊರಿಗೆ ವಾಪಸು ಕಳಿಸಿದರು.

ಪ್ರಶ್ನೆ: ಸಂಪಾದಕರ ಆದಾಯದ ತತ್ತ್ವವನ್ನು ವಿವರಿಸಬಹುದೆ?

ಉತ್ತರ: ಅದು ತರ್ಕಶಾಸ್ತ್ರದ ಪಠ್ಯಕ್ಕೆ ಯೋಗ್ಯವಾದ ವಿಷಯ. ಸಾರ್ವಜನಿಕ ಗ್ರಂಥಾಲಯಗಳಿಗಾಗಿ ನಡೆಯುವ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆ ಪುಟಗಳ ಲೆಕ್ಕದ ಮೇಲೆ ನಿಂತಿರುವುದರಿಂದ ಪುಸ್ತಕ ದಪ್ಪವಾದಷ್ಟೂ ಪ್ರಕಾಶಕರಿಗೆ ಕ್ಷೇಮ. ಹೆಸರು ದೊಡ್ಡದಾಗಿ ಕಾಣುವಷ್ಟು ಬೆನ್ನು ಅಗಲವಾದರೆ ಲೇಖಕರಿಗೆ ಸಂತೋಷ. ಪುಟಕ್ಕಿಷ್ಟು ಎಂದು ಪಡೆಯುವ ಸಂಪಾದಕರಿಗೂ ದಪ್ಪ ಪುಸ್ತಕವೇ ಲಾಭ. ಹೀಗೆ ಮೂವರ ಹಿತವೂ ಒಂದೇ ದಿಕ್ಕಿನಲ್ಲಿರುವಾಗ, ಅಭಿನಂದನ ಗ್ರಂಥದಲ್ಲಿ ಮೂರು ಲೇಖನಗಳು ಒಂದೇ ಜೀವನಚರಿತ್ರೆಯನ್ನು ಮೂರು ಸಲ ಹೇಳುತ್ತವೆಂದು ಈ ಮನುಷ್ಯ 40 ಪುಟ ಹೊಡೆದುಹಾಕಿದರು. ಅಂದರೆ ಸ್ವಂತ ಕೂಲಿಯನ್ನು ಸ್ವಂತ ಕೈಯಿಂದಲೇ ಕಡಿದುಕೊಂಡರು. ಇದನ್ನು ವೃತ್ತಿಧರ್ಮ ಎನ್ನುವವರಿದ್ದಾರೆ. ಮನೆಯವರು ಬಳಸುವ ಶಬ್ದ ಇಲ್ಲಿ ದಾಖಲಿಸುವಂಥದ್ದಲ್ಲ.

ಪ್ರಶ್ನೆ: ಸಂಪಾದಕರ ಹೆಸರು ಪುಸ್ತಕದಲ್ಲಿ ಇರುತ್ತದೆಯೆ?

ಉತ್ತರ: ಮುಖಪುಟ ಬಿಡಿಸಿದವರು, ಅಚ್ಚು ಹಾಕಿದವರು, ಬೆನ್ನುಡಿ ಬರೆದವರು, ಬಿಡುಗಡೆಗೆ ಒಪ್ಪಿದ ಗಣ್ಯರು ಎಲ್ಲರೂ ಕೃತಜ್ಞತೆಯ ಪುಟದಲ್ಲಿರುತ್ತಾರೆ, ಸಂಪಾದಕರು ‘ಹಾಗೂ ಇತರರು’ ಎಂಬಲ್ಲಿ ಇರುತ್ತಾರೆ. ಹಿಂದೆ ಹೀಗಿರಲಿಲ್ಲ ಎಂದು ಅವರು ಆಗಾಗ ಧಾರವಾಡವನ್ನು ನೆನೆಯುವುದುಂಟು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಗೆ ಗದಗಿನ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿದ್ದರು; ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಆ ಸಂಸ್ಥೆಯಿಂದಲೇ. ಅದರ ‘ಅಟ್ಟ’ದಲ್ಲಿ ಕುಳಿತು ಹಸ್ತಪ್ರತಿಯ ಬಗ್ಗೆ ಲೇಖಕರೊಡನೆ ಜಗಳಾಡಬಹುದಾದ ಕಾಲ ಅದು. ಈಗ ಜಗಳಾಡಲು ಲೇಖಕರು ಫೋನು ಎತ್ತಬೇಕಲ್ಲ.

ಪ್ರಶ್ನೆ: ಸಂತೋಷಕ್ಕಾಗಿ ಅವರು ಏನನ್ನಾದರೂ ಓದುತ್ತಾರೆಯೆ?

ಉತ್ತರ: ಪ್ರಯತ್ನಿಸುತ್ತಾರೆ. ಹೊಸ ಕಾದಂಬರಿ ಹಿಡಿದರೆ ಹತ್ತನೆಯ ಪುಟದಲ್ಲಿ ಬಲಗೈ ತಾನಾಗಿ ಪೆನ್ನು ಹುಡುಕುತ್ತದೆ, ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ರಾತ್ರಿ ಹೊತ್ತು ಗದುಗಿನ ಭಾರತವೊಂದೇ ಆಸರೆ. ಬರೆದ ಪದವನ್ನು ಅಳಿಸದಿರುವುದು, ಹಲಗೆ ಬಳಪ ಮುಟ್ಟದಿರುವುದು ತನ್ನ ಹೆಚ್ಚುಗಾರಿಕೆ ಎಂದು ಕುಮಾರವ್ಯಾಸನು ಆರಂಭದಲ್ಲಿಯೇ ಸಾರಿರುವುದರಿಂದ ಅಲ್ಲಿ ಸಂಪಾದಕರಿಗೆ ಸಂಪೂರ್ಣ ರಜೆ. ತೊಂದರೆಯೆಂದರೆ ಆ ಹೆಚ್ಚುಗಾರಿಕೆಯನ್ನು ಜಿಲ್ಲೆಯ ಉಳಿದ ಲೇಖಕರೆಲ್ಲ ಪಿತ್ರಾರ್ಜಿತ ಆಸ್ತಿಯೆಂದು ಭಾವಿಸಿ, ತಾವೂ ಒಂದಕ್ಷರ ಅಳಿಸುವುದಿಲ್ಲ ಎನ್ನುತ್ತಾರೆ.

ಪ್ರಶ್ನೆ: ವಿರಾಮ?

ಉತ್ತರ: ಒಂದು ಸೋಮವಾರ ಗಜೇಂದ್ರಗಡದ ಕಾಲಕಾಲೇಶ್ವರಕ್ಕೆ ಹೋಗಿ, ದಾರಿಯ ಫಲಕಗಳನ್ನೆಲ್ಲ ತಿದ್ದುತ್ತ ಬಂದರೆಂದು ವರದಿ. ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಲಿಲ್ಲವಂತೆ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಮಾತ್ರ ಬಹಳ ಹೊತ್ತು ನೋಡಿದರು. ಅಷ್ಟು ದೂರದಿಂದ ಅವುಗಳ ಮೇಲೆ ಓದಲು ಏನೂ ಕಾಣುವುದಿಲ್ಲ.

ಪ್ರಶ್ನೆ: ತಿಂಗಳ ಕೊನೆಗೆ ತಮಗೆ ಕೆಲಸ ಸಿಕ್ಕಿತೆ?

ಉತ್ತರ: ಇಲ್ಲ. ಅಭಿನಂದನ ಗ್ರಂಥದಲ್ಲಿ ಅಭಿನಂದಿತರ ಹುಟ್ಟಿದ ವರ್ಷವೇ ತಪ್ಪಾಗಿ ಅಚ್ಚಾದಾಗ ಈ ಹಾಳೆ ಸಿದ್ಧವಾಗಿ ಎದ್ದು ಕುಳಿತಿತ್ತು. ಸಂಪಾದಕರು ಅದನ್ನು ತಿದ್ದಿಯೇ ಕಳಿಸಿದ್ದರೂ ಮುದ್ರಣಾಲಯವು ತಿದ್ದದ ಕಡತವನ್ನು ಅಚ್ಚು ಹಾಕಿತ್ತು. ಆದರೆ ಈಗ ಬೇಕಾದಷ್ಟೇ ಪ್ರತಿಗಳನ್ನು ಆಗಾಗ ಮುದ್ರಿಸುವ ಪದ್ಧತಿ ಇರುವುದರಿಂದ, ಮುಂದಿನ ಕಂತಿನಲ್ಲಿ ಸದ್ದಿಲ್ಲದೆ ಸರಿಪಡಿಸಿದರಾಯಿತು, ಮೊದಲ ಪ್ರತಿಗಳು ಹೇಗಿದ್ದರೂ ಸಮಾರಂಭದಲ್ಲಿ ಹಂಚಿಹೋಗುತ್ತವೆ, ಅವುಗಳನ್ನು ಯಾರೂ ಓದುವುದಿಲ್ಲ ಎಂದು ಪ್ರಕಾಶಕರು ತೀರ್ಮಾನಿಸಿದರು.

ಪ್ರಶ್ನೆ: ಸಂಪಾದಕರ ಸಂಭಾವನೆ?

ಉತ್ತರ: ಬಿಲ್ಲು ಪಾಸಾದ ಮೇಲೆ ಎಂದಿದ್ದಾರೆ. ಬರುವ ತಿಂಗಳಿಗೆ ಮಾತ್ರ ಕೆಲಸ ಖಚಿತವಾಗಿದೆ. ಇವರು ಹೊಡೆದುಹಾಕಿದ 40 ಪುಟಗಳಿಗೆ ಛಾಯಾಚಿತ್ರ, ಮುನ್ನುಡಿ, ಶುಭ ಸಂದೇಶಗಳನ್ನು ಸೇರಿಸಿ ಪ್ರತ್ಯೇಕ ಪುಸ್ತಕ ಮಾಡಲು ಪ್ರಕಾಶಕರು ನಿರ್ಧರಿಸಿದ್ದು, ಕಡತವನ್ನು ನಿನ್ನೆ ಸಂಜೆ ಇವರಿಗೇ ಕಳಿಸಿದ್ದಾರೆ. ದರ ಹಳೆಯದೇ, ಪುಟದ ಲೆಕ್ಕ.