ಮೇಲ್ಮನೆ ಬಾಕಿ

ಹನುಮಂತನಗರದಲ್ಲಿ ನಾವಿರುವ ಮನೆಗೆ ಮೂರು ಅಂತಸ್ತು. ಕೆಳಗೆ ಓನರ್ರು, ಅವರ ಸಂಪು, ಅವರ ತುಳಸಿಕಟ್ಟೆ. ನಡುವೆ ನಾವು. ತಾರಸಿಯ ಮೇಲೆ ಆಮೇಲೆ ಎಬ್ಬಿಸಿದ ಒಂದು ರೂಮು, ಅಡುಗೆಮನೆ, ಬಚ್ಚಲು. ಅಲ್ಲಿ ಮದುವೆ ಫೋಟೊ ತೆಗೆಯುವ ಹುಡುಗ. ಟು-ಲೆಟ್ ಬೋರ್ಡಿನಲ್ಲಿ ಓನರ್ರು ಅದನ್ನು ‘ಪೆಂಟ್‌ಹೌಸ್’ ಎಂದು ಬರೆಸಿದ್ದರು. ಇಂಥ ಮನೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಬೇಕಾದವು ಎರಡು: ಬಾಡಿಗೆ ಮತ್ತು ಮಳೆನೀರು. ಮಳೆನೀರಿಗೆ ಯಾರೂ ನೆನಪು ಮಾಡಬೇಕಾಗಿಲ್ಲ.

ಹುಡುಗ ಕೆಟ್ಟವನಲ್ಲ. ವೈಶಾಖ, ಜ್ಯೇಷ್ಠದಲ್ಲಿ ಐದನೇ ತಾರೀಖಿಗೆ ಮುಂಚೆಯೇ ಬಾಡಿಗೆ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ, ‘ಅಂಕಲ್, ಬಂತಾ?’ ಎಂದು ಫೋನೂ ಮಾಡುತ್ತಾನೆ. ಆಷಾಢ ಬಂತೆಂದರೆ ಅವನ ಬೈಕು ಸಪ್ಪಳವಿಲ್ಲದೆ ಗೇಟು ದಾಟುತ್ತದೆ. ಆಷಾಢದಲ್ಲಿ ಮದುವೆಯಿಲ್ಲ. ಶ್ರಾವಣದಲ್ಲಿ ಒಂದಿಷ್ಟು ಮುಹೂರ್ತ ಸಿಕ್ಕಿ ಜೀವ ಬಂದರೆ, ಭಾದ್ರಪದದಲ್ಲಿ ಪಿತೃಪಕ್ಷ. ತಿಥಿ ಊಟದ ಕ್ಯಾಂಡಿಡ್ ಫೋಟೊ ತೆಗೆಸುವಷ್ಟು ನಮ್ಮ ಜನ ಇನ್ನೂ ಮುಂದುವರಿದಿಲ್ಲ. ಆಷಾಢದ ಜಿಟಿಜಿಟಿಗೆ ತಾರಸಿ ನೆನೆಯತೊಡಗುತ್ತದೆ. ಬೆಂಗಳೂರಿಗೆ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರು. ಅಂದರೆ ಪಂಚಾಂಗದವರೂ ಹವಾಮಾನ ಇಲಾಖೆಯವರೂ ಸೇರಿ ಒಂದು ವಿಷಯ ಗೊತ್ತುಮಾಡಿಬಿಟ್ಟಿದ್ದಾರೆ: ಮೇಲ್ಮನೆಯಲ್ಲಿ ಬಾಡಿಗೆ ನಿಲ್ಲುವುದೂ ಸೂರು ಸೋರುವುದೂ ಒಂದೇ ಕಾಲಕ್ಕೆ.

ಹುಡುಗನ ರೂಮಿನ ಮೇಲೆ ತಾರಸಿ ಹಾಕಿದ ಮೇಸ್ತ್ರಿ ನೀರಿಗೆ ವಾಟ ಕೊಡುವುದನ್ನು ಮರೆತಿದ್ದ. ನಿಂತ ನೀರು ಮೊದಲು ಹುಡುಗನ ರೂಮಿನ ಮೂಲೆಗೆ ಇಳಿದು, ಅವನ ಬಚ್ಚಲ ಗೋಡೆ ಹಿಡಿದು, ನಮ್ಮ ಮಲಗುವ ಕೋಣೆಯ ಸೀಲಿಂಗಿಗೆ ಬರುತ್ತದೆ. ಅಲ್ಲೊಂದು ತೇವದ ಕಲೆ. ಬಂದ ನೆಂಟರು ಅದರಲ್ಲಿ ಆನೆ, ಶ್ರೀಲಂಕಾ, ಗಣಪತಿ ಎಲ್ಲವನ್ನೂ ಕಂಡಿದ್ದಾರೆ. ಕಲೆಯಲ್ಲಿ ಆಕಾರ ಹುಡುಕುವವರು ಯಾರೂ ಅದರ ಕೆಳಗೆ ಮಲಗುವವರಲ್ಲ.

ನಾನು ಕೆಳಗಿಳಿದು ಹೇಳಿದೆ. ಓನರ್ರು ಕಾಫಿ ಕೊಡಿಸಿ, ‘ಮಾಡಿಸೋದಿಲ್ಲ ಅಂದ್ನಾ ಸಾರ್? ಮೇಲಿನೋನು ಬಾಕಿ ಕೊಡ್ಲಿ, ಮಾರನೇ ದಿನವೇ ಮಾಡಿಸ್ತೀನಿ’ ಎಂದರು. ಮೇಲೆ ಹತ್ತಿ ಹೇಳಿದೆ. ಹುಡುಗನೂ ಕಾಫಿ ಕೊಟ್ಟ. ಪಾತ್ರೆಗಳೆಲ್ಲ ಸೋರುವ ಕಡೆ ಡ್ಯೂಟಿಯಲ್ಲಿದ್ದುದರಿಂದ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಕೊಟ್ಟ. ‘ಸೋರೋದು ನಿಲ್ಸೋಕೆ ಹೇಳಿ ಸಾರ್, ಮಾರನೇ ದಿನವೇ ಬಾಕಿ ಹಾಕ್ತೀನಿ.’ ಮಾರನೆಯ ದಿನದ ಬಗ್ಗೆ ಇಬ್ಬರಿಗೂ ಇಷ್ಟೊಂದು ಉತ್ಸಾಹ ಇರುವಾಗ ಇವತ್ತನ್ನು ಕೇಳುವವರು ಯಾರು? ತಿಂಗಳು ತಿಂಗಳೂ ಸರಿಯಾಗಿ ಬಾಡಿಗೆ ಕಟ್ಟುವ ನನ್ನ ಸೂರು ಮಾತ್ರ ಇನ್ನೊಬ್ಬನ ಬಾಕಿಯ ಲೆಕ್ಕಕ್ಕೆ ಸೇರಿಹೋಯಿತು.

ಮಧ್ಯಸ್ಥನಾಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಹಾಗೆ ನನಗೊಂದು ಗುಮಾನಿ ಬಂತು. ಈ ಸೋರಿಕೆ ಇಬ್ಬರಿಗೂ ಬೇಕು. ಬಾಕಿ ಇಟ್ಟುಕೊಂಡವನು ಓನರ್ರ ಬಾಗಿಲ ಮುಂದೆ ತಲೆ ಎತ್ತಿ ನಡೆಯಲು ಏನಾದರೊಂದು ಆಧಾರ ಇರಬೇಕಲ್ಲ? ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹುಡುಗ ಒದ್ದೆ ಹಾಸಿಗೆಯನ್ನು ಎಲ್ಲರಿಗೂ ಕಾಣುವ ಹಾಗೆ ಕಂಬಿಯ ಮೇಲೆ ಹರವಿ, ಶಿಳ್ಳೆ ಹಾಕುತ್ತ ಇಳಿಯುತ್ತಿದ್ದ. ಓನರ್ರಿಗೋ, ವಾಟರ್‌ಪ್ರೂಫಿಂಗ್‌ನವನು ಹೇಳಿದ ರೇಟು ಕೇಳಿ ಎದೆ ಹೊಡೆದುಕೊಂಡಿತ್ತು. ಅದಕ್ಕೆ ಹೋಲಿಸಿದರೆ ಹುಡುಗನ ಬಾಕಿ ಏನೂ ಅಲ್ಲ. ಅಕಸ್ಮಾತ್ ಅವನು ಪೂರ್ತಿ ಕೊಟ್ಟುಬಿಟ್ಟರೆ ಗತಿಯೇನು ಎಂಬ ಚಿಂತೆ ಅವರ ಮುಖದ ಮೇಲೇ ಇತ್ತು. ಬಾಕಿ ಕೇಳಲು ಅವರು ಮೇಲಕ್ಕೆ ಹೋದದ್ದನ್ನು ನಾನಂತೂ ನೋಡಲಿಲ್ಲ. ಮಂಡಿನೋವು ಎನ್ನುತ್ತಿದ್ದರು.

ನಮ್ಮ ಭಾವ ವಕೀಲರು. ಊಟಕ್ಕೆ ಕರೆದು, ಸರಿಯಾಗಿ ಕಲೆಯ ಕೆಳಗೇ ಕುರ್ಚಿ ಹಾಕಿ ಕೂರಿಸಿದೆವು.

‘ಎರಡೂ ಬೇರೆ ಬೇರೆ ಕಣಯ್ಯಾ’ ಎಂದು ಶುರುಮಾಡಿದರು. ‘ಬಾಡಿಗೆ ಕೊಡದಿದ್ದರೆ ನೋಟೀಸ್ ಕೊಡಲಿ, ಕೋರ್ಟಿಗೆ ಹೋಗಲಿ. ಅದಕ್ಕಾಗಿ ತಾನು ಮಾಡಿಸಬೇಕಾದ ರಿಪೇರಿ ನಿಲ್ಲಿಸೋ ಹಾಗಿಲ್ಲ. ರಿಪೇರಿ ಮಾಡಿಸಲಿಲ್ಲ ಅಂತ ಇವನು ಬಾಡಿಗೆ ನುಂಗೋ ಹಾಗೂ ಇಲ್ಲ.’

‘ಕಾಯ್ದೆಯಲ್ಲಿ ಹಾಗಿದೆಯಾ ಭಾವ?’

ಇತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆ. ನಮ್ಮ ಪಕ್ಕದ ಬಸವನಗುಡಿ ಬಡಾವಣೆಯೇ ಆಗ ಹುಟ್ಟಿರಲಿಲ್ಲ, ಕಾಯ್ದೆ ಮಾತ್ರ ನಮಗಾಗಿ ಕಾಯುತ್ತ ಕೂತಿತ್ತು. ಅದರ 108ನೇ ಕಲಮಿನ ಪ್ರಕಾರ, ಮಾಲೀಕ ತಾನು ಮಾಡಿಸಲು ಬದ್ಧನಾಗಿರುವ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ತಕ್ಕ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನನ್ನ ಹೆಂಡತಿ ಕೂಡಲೇ ಇನ್ನೆರಡು ಹಪ್ಪಳ ತಂದಳು. ಆಮೇಲೆ ಭಾವ ಮೆಲ್ಲಗೆ, ‘ಮಾಡಿಸಲು ಬದ್ಧನಾಗಿರುವ ಅಂತಿದೆ. ಯಾವುದಕ್ಕೆ ಬದ್ಧ ಅನ್ನೋದು ನಿಮ್ಮ ಅಗ್ರಿಮೆಂಟಿನಲ್ಲಿರಬೇಕು’ ಎಂದರು. ಅಗ್ರಿಮೆಂಟ್ ತೆಗೆದು ನೋಡಿದೆವು. ಎಲ್ಲರಂತೆ ನಮ್ಮದೂ ಹನ್ನೊಂದು ತಿಂಗಳದು. ವರ್ಷ ಮೀರಿದರೆ ರಿಜಿಸ್ಟ್ರೇಷನ್ನಿನ ತಾಪತ್ರಯ. ಗೋಡೆಗೆ ಮೊಳೆ ಹೊಡೆಯಬಾರದು, ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು, ವರ್ಷಕ್ಕೆ ಶೇಕಡಾ 5 ಏರಿಕೆ, ಎಲ್ಲ ಇತ್ತು. ಸೂರು ಎಂಬ ವಸ್ತು ಆ ಮನೆಗೆ ಇದೆಯೆಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

‘ಕರ್ನಾಟಕದ್ದೇ ಒಂದು ಬಾಡಿಗೆ ಕಾಯ್ದೆ ಇದೆಯಲ್ಲ?’ ಎಂದೆ. 1999ರದು ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಗೆ ಮಾತ್ರ ಅದು ಅನ್ವಯ. ಆ ದುಡ್ಡಿಗೆ ಇವತ್ತು ಹನುಮಂತನಗರದಲ್ಲಿ ಒಂದು ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಕಾರಿನ ಮೇಲೆ ಸೂರು ಕೇಳುವಂತಿಲ್ಲ.

ಇನ್ನೊಂದು, 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಓದಿ ಸಂತೋಷಪಡಬಹುದು. ಅದರಲ್ಲಿ ಯಾರ ರಿಪೇರಿ ಯಾರದು ಎಂಬ ಪಟ್ಟಿಯೇ ಇದೆ. ನಲ್ಲಿ, ನಲ್ಲಿಯ ವಾಷರು, ಸ್ವಿಚ್ಚು, ಗೀಸರು, ಕಿಟಕಿಯ ಗಾಜು ಬಾಡಿಗೆದಾರನಿಗೆ. ಕಟ್ಟಡದ ಮೂಲ ರಿಪೇರಿ, ಪೈಪು, ವೈರಿಂಗು, ಸುಣ್ಣಬಣ್ಣ ಮಾಲೀಕನಿಗೆ. ವಾಷರಿಗೂ ಪೈಪಿಗೂ ನಡುವೆ ಸೋರಿದರೆ ಏನೆಂದು ನಾನು ಕೇಳಿದ್ದಕ್ಕೆ ಭಾವ ಮಜ್ಜಿಗೆ ಕೇಳಿದರು. ಸುಣ್ಣಬಣ್ಣ ಮಾಲೀಕನದೆಂದು ಕೇಳಿದ ನನ್ನ ಹೆಂಡತಿ ಅಗ್ರಿಮೆಂಟಿನ ಪೇಂಟಿಂಗ್ ಸಾಲಿನ ಮೇಲೆ ಬೆರಳಿಟ್ಟು ಕೂತುಬಿಟ್ಟಳು. ಅದೇ ಮಾದರಿಯಲ್ಲಿ, ವಾಸದ ಮನೆಗೆ ಡಿಪಾಸಿಟ್ಟು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಇದೆ. ಬೆಂಗಳೂರಿನ ಓನರ್ರಿಗೆ ಇದನ್ನು ಓದಿ ಹೇಳುವ ಮೊದಲು ಅವರ ಬಿಪಿ ನೋಡುವುದು ಒಳ್ಳೆಯದು. ನಮ್ಮವರು ಹತ್ತು ತಿಂಗಳದು ತೆಗೆದುಕೊಂಡವರು.

ಹುಡುಗನ ತರ್ಕ ನಿಂತಿದ್ದೂ ಅಲ್ಲೇ. ‘ಸಾರ್, ಅಂಕಲ್ ಹತ್ರ ನಂದು ಹತ್ತು ತಿಂಗಳಿದೆ, ಬಡ್ಡಿ ಇಲ್ದೆ. ನನ್ ಹತ್ರ ಅವರದು ಮೂರು ತಿಂಗಳಿದೆ. ಈಗ ಯಾರು ಯಾರಿಗೆ ಬಾಕಿ ಹೇಳಿ.’ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಭಾವನನ್ನು ಕೇಳಿದರೆ, ‘ಡಿಪಾಸಿಟ್ಟು ಬೇರೆ, ಬಾಡಿಗೆ ಬೇರೆ’ ಎಂದರು. ವಕೀಲರ ಜಗತ್ತಿನಲ್ಲಿ ಎಲ್ಲವೂ ಬೇರೆ ಬೇರೆ; ಅದಕ್ಕೇ ಫೀಸೂ ಬೇರೆ ಬೇರೆ.

ಈ ನಡುವೆ ಓನರ್ ಅಮ್ಮನವರು ಮೇಲಿನವರಿಗೆ ನೀರು ನಿಲ್ಲಿಸಿಬಿಡೋಣ ಎಂದು ಸೂಚಿಸಿದರಂತೆ. ಹಾಗೆ ನೀರು, ಕರೆಂಟು ತಡೆಯುವುದು ಎಷ್ಟೇ ಬಾಕಿಯಿದ್ದರೂ ತಕ್ಕುದಲ್ಲವೆಂದು ಭಾವ ಹೇಳಿಕಳಿಸಿದರು. ಆದರೆ ಅವರನ್ನು ತಡೆದದ್ದು ನ್ಯಾಯಶಾಸ್ತ್ರವಲ್ಲ, ಕೊಳಾಯಿಶಾಸ್ತ್ರ. ಸಂಪಿನ ಮೋಟರಿನ ಸ್ವಿಚ್ಚು ಓನರ್ರ ಅಡುಗೆಮನೆಯಲ್ಲಿದ್ದರೆ, ಮೂರು ಮನೆಗೂ ನೀರು ಬಿಡುವ ಗೇಟ್‌ವಾಲ್ವು ಹುಡುಗನ ಬಾಗಿಲ ಪಕ್ಕದಲ್ಲಿದೆ. ಕೆಳಗಿನವರು ಹತ್ತಿಸಬೇಕು, ಮೇಲಿನವನು ಇಳಿಸಬೇಕು. ಜಗತ್ತಿನ ದೊಡ್ಡ ದೇಶಗಳು ಅಣುಬಾಂಬು ಇಟ್ಟುಕೊಂಡು ಕಾಪಾಡುವ ಶಾಂತಿಯನ್ನು ನಮ್ಮ ಮನೆ ಒಂದು ಇಂಚಿನ ವಾಲ್ವಿನಲ್ಲಿ ಕಾಪಾಡಿಕೊಂಡಿತು.

ಸಾಕ್ಷ್ಯ ಇಟ್ಟುಕೋ ಎಂದು ಭಾವ ಹೇಳಿದ್ದನ್ನು ಹುಡುಗನಿಗೆ ತಲುಪಿಸಿದ್ದೇ ತಡ, ಅವನು ಸೋರಿಕೆಯ ಫೋಟೊ ತೆಗೆದ. ಮೊಬೈಲಿನಲ್ಲಲ್ಲ, ಮದುವೆಯ ಕ್ಯಾಮೆರಾ, ಮದುವೆಯ ಲೈಟು. ಸೂರಿನಿಂದ ಬಿಡಿಸಿಕೊಳ್ಳಲೋ ಬೇಡವೋ ಎಂದು ನಾಚುತ್ತಿರುವ ಹನಿ, ಹಿನ್ನೆಲೆಯಲ್ಲಿ ಮಬ್ಬಾಗಿ ಪ್ಲಾಸ್ಟಿಕ್ ಬಕೆಟ್ಟು. ನನ್ನ ಸೀಲಿಂಗಿನ ಕಲೆಗೂ ಬಂಗಾರದ ಅಂಚು ಬಂದಿತ್ತು. ಮನೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದಾಗ ಓನರ್ ಅಮ್ಮನವರು ಕೈಮುಗಿದ ಚಿತ್ರದೊಂದಿಗೆ, ‘ತುಂಬಾ ಚೆನ್ನಾಗಿ ಬಂದಿದೆ’ ಎಂದು ಬರೆದರು. ನೋಟೀಸು ಹೋಗಿ ಪ್ರದರ್ಶನವಾಯಿತು.

ಕಾರ್ತಿಕ ಬಂತು. ತುಳಸಿ ಹಬ್ಬ ಕಳೆದು ಮುಹೂರ್ತಗಳು ಶುರುವಾದವು. ಹುಡುಗ ದಿನಕ್ಕೆರಡು ಛತ್ರ ಸುತ್ತಿ, ಒಂದು ರಾತ್ರಿ ಬಾಕಿಯನ್ನೆಲ್ಲ ಒಟ್ಟಿಗೆ ಹಾಕಿ, ‘ಅಂಕಲ್, ಬಂತಾ?’ ಎಂದ. ಬಂದಿತ್ತು. ನಾನು ಬೆಳಿಗ್ಗೆಯೇ ಕೆಳಗಿಳಿದೆ. ಮಾರನೇ ದಿನ ಎಂಬ ದಿನ ಕೊನೆಗೂ ಬಂದಿದೆಯಲ್ಲ! ಓನರ್ರು ಆಗ ತಾನೇ ತಾರಸಿ ನೋಡಿಕೊಂಡು ಇಳಿದು ಬಂದಿದ್ದರು, ಮಂಡಿ ನೋಯುತ್ತಿರಲಿಲ್ಲ. ‘ಎಲ್ಲಿ ಸಾರ್ ಸೋರುತ್ತೆ? ಒಣಗಿ ಬೆಣಚುಕಲ್ಲಾಗಿದೆ. ಸುಮ್ನೆ ದುಡ್ಡು ಸುರಿಯೋದು ಯಾಕೆ, ಮಳೆ ಬರ್ಲಿ, ಎಲ್ಲಿ ಅಂತ ಗೊತ್ತಾಗ್ಲಿ.’ ವಾಟರ್‌ಪ್ರೂಫಿಂಗನ್ನು ಒಣಗಿದಾಗಲೇ ಮಾಡಬೇಕೆಂದು ಕೆಲಸದವನು ಹೇಳಿದ್ದನ್ನು ನೆನಪಿಸಿದೆ. ಅವರು ಕಾಫಿ ಕೊಡಿಸಿದರು.

ಮಾಘದಲ್ಲಿ ಓನರ್ರ ಮಗಳ ಮದುವೆ. ಮನೆಯಲ್ಲೇ ಫೋಟೊಗ್ರಾಫರ್ ಇರುವಾಗ ಹೊರಗಿನವರು ಯಾಕೆಂದು ಕೆಲಸ ಹುಡುಗನಿಗೇ ಬಂತು. ಅಡ್ವಾನ್ಸ್ ಸ್ವಲ್ಪ, ಮಿಕ್ಕಿದ್ದು ಮದುವೆ ಮುಗಿದ ಮೇಲೆ ಎಂದಾಯಿತು. ಛತ್ರದ ಬಾಡಿಗೆ, ಅಡುಗೆಯವರು, ಚಪ್ಪರದವರು ಎಲ್ಲರ ಲೆಕ್ಕ ತೀರಿಸುವಷ್ಟರಲ್ಲಿ ಓನರ್ರ ಕೈ ಖಾಲಿ. ಮೊನ್ನೆ ನನ್ನನ್ನು ಕರೆದು, ‘ನೀವು ಹೇಳಿದ್ರೆ ಕೇಳ್ತಾನೆ ಸಾರ್. ಮಗಳ ಅತ್ತೆಮನೆಯೋರು ದಿನಾ ಆಲ್ಬಂ ಎಲ್ಲಿ ಅಂತಾರೆ’ ಎಂದರು. ಹತ್ತಿ ಹೋಗಿ ಕೇಳಿದೆ. ಹುಡುಗ ಮುಚ್ಚಳದಲ್ಲಿ ಕಾಫಿ ಕೊಡುತ್ತ, ‘ಕೊಡೋದಿಲ್ಲ ಅಂದ್ನಾ ಸಾರ್? ಅಂಕಲ್ ಬಾಕಿ ಕೊಡ್ಲಿ, ತಾರಸಿ ಮಾಡಿಸ್ಲಿ, ಮಾರನೇ ದಿನವೇ ಕೊಡ್ತೀನಿ’ ಎಂದ.

ಭಾವನಿಗೆ ಫೋನ್ ಮಾಡಿದೆ. ಆಲ್ಬಂ ಬೇರೆ, ತಾರಸಿ ಬೇರೆ ಎಂದರು. ಆ ಆಲ್ಬಂನಲ್ಲಿ ನಾನೂ ಇದ್ದೇನಂತೆ, ಎರಡನೇ ಪಂಕ್ತಿಯಲ್ಲಿ, ಹೋಳಿಗೆಗೆ ಬಾಯಿ ತೆರೆದುಕೊಂಡು. ಆ ಒಂದು ಫೋಟೊ ಮಾತ್ರ ತೆಗೆದುಹಾಕಪ್ಪಾ ಎಂದು ಕೇಳಿಕೊಂಡಿದ್ದೇನೆ. ನೋಡೋಣ ಸಾರ್ ಎಂದಿದ್ದಾನೆ.