ಅಭಿಮಾನಿಗಳು ಬೇಕಾಗಿದ್ದಾರೆ

(ಕೊಲ್ಲಮೊಗ್ರಿನ ಹೋಟೆಲು. ಹೊರಗೆ ಮಳೆ; ಇಲ್ಲದಿದ್ದರೆ ಇಬ್ಬರಿಗೂ ಮಾತಾಡಲು ಪುರುಸೊತ್ತೆಲ್ಲಿ?)

ಪಿ.ಟಿ. ಮಾಸ್ಟ್ರು: ಕಾಲೇಜಿನ ಕಬಡ್ಡಿ ನೋಡ್ಲಿಕ್ಕೆ ಜನವೇ ಇಲ್ಲ, ಗೌಡ್ರೇ.

ಗೌಡ್ರು: ಗೆದ್ದು ಎಷ್ಟು ಸಮಯ ಆಯ್ತು?

ಮಾಸ್ಟ್ರು: ಅದು ಬಿಡಿ. ಆರ್‌ಸಿಬಿ 2009, 2011, 2016ರ ಫೈನಲ್ ಸೋತರೂ ನೀವು 2025ರವರೆಗೆ ಕಾದಿರಲ್ಲ?

ಗೌಡ್ರು: ಅದು ಟಿವಿ ಎದುರು ಕೂತು ಕಾದದ್ದು ಮಾರಾಯ್ರೆ. ನಿಮ್ಮಲ್ಲಿಗೆ ಕೊಡೆ ಹಿಡ್ಕೊಂಡು ಬರಬೇಕು.

ಮಾಸ್ಟ್ರು: ನಿಷ್ಠೆ ಅಂದ್ರೆ ಅದೇ ಅಲ್ವಾ?

ಗೌಡ್ರು: ಇದ್ದ ನಿಷ್ಠೆಯನ್ನೆಲ್ಲ ಹಳದಿ ಎಲೆ ರೋಗದ ಅಡಿಕೆ ತೋಟಕ್ಕೆ ಕೊಟ್ಟಾಗಿದೆ.

ಮಾಸ್ಟ್ರು: ಈ ಸಲ ಫ್ಲೆಕ್ಸ್ ಉಂಟು, ಚೆಂಡೆ ಉಂಟು, ಚರುಮುರಿ ಧರ್ಮಕ್ಕೆ.

ಗೌಡ್ರು: ಆಟಗಾರರಿಗೆ ಎಂತ ಉಂಟು?

ಮಾಸ್ಟ್ರು: ಅವರಿಗೆ ದುಡ್ಡು ಉಳಿಯಲಿಲ್ಲ.

ಗೌಡ್ರು: ಹಾಗಾದ್ರೆ ಎರಡು ಚರುಮುರಿ ತೆಗೆದಿಡಿ. ಮ್ಯಾಚು ಮುಗಿದ ಮೇಲೆ ಬರ್ತೇನೆ.